ಸ್ಟೀಮಕ್ಕನ ಆರೋಗ್ಯವಂತ ಕಾಲು

ಸ್ಟೀಮಕ್ಕನಿಗೆ ಅರ್ಧ ದಿನದ ಕೂಲಿ ಬರಬೇಕಿದೆ. ನಡೆದದ್ದಕ್ಕೆ. ಇಸ್ತ್ರಿ ಹಾಕಿದ್ದಕ್ಕಲ್ಲ, ಹೊರೆ ಹೊತ್ತಿದ್ದಕ್ಕಲ್ಲ. ಸುಮ್ಮನೆ ಕಾರ್ಖಾನೆಯ ಗೇಟಿನಿಂದ ಗೋದಾಮಿನವರೆಗೆ ಹೋಗಿ ವಾಪಸು ಬಂದದ್ದಕ್ಕೆ. ಕೊಡುತ್ತೇವೆ ಅಂದವರು ಇನ್ನೂ ಕೊಟ್ಟಿಲ್ಲ. ಆ ದುಡ್ಡು ಬಂದಿದ್ದರೆ ಅವಳೇನೂ ಮಹಡಿ ಮನೆ ಕಟ್ಟಿಸುತ್ತಿರಲಿಲ್ಲ. ಆದರೆ ಕೂಲಿ ಉಳಿಸಿಕೊಂಡವರು ಅವಳ ನಡಿಗೆಯನ್ನೂ ಉಳಿಸಿಕೊಂಡರು. ಕತೆ ಇರುವುದು ಅಲ್ಲಿ.

ಅವಳ ಕೆಲಸ ಸಿದ್ಧ ಉಡುಪಿನ ಕಾರ್ಖಾನೆಯ ಇಸ್ತ್ರಿ ಹಾಲಿನಲ್ಲಿ. ತಲೆಯ ಮೇಲೆ ಉದ್ದುದ್ದ ಕಬ್ಬಿಣದ ಕಂಬಿ, ಕಂಬಿಯ ತುಂಬ ಹ್ಯಾಂಗರಿಗೆ ಸಿಕ್ಕಿಸಿದ ಅಂಗಿ, ಪ್ಯಾಂಟು, ಕೋಟು. ಅವು ಸೊಂಟದ ಮಟ್ಟಕ್ಕೆ ಇಳಿಬಿದ್ದಿರುತ್ತವೆ. ಹಾಗಾಗಿ ಈ ಟೇಬಲಿನವರಿಗೆ ಆ ಟೇಬಲಿನವರ ಮುಖ ಕಾಣುವುದಿಲ್ಲ. ಸೊಂಟದಿಂದ ಕೆಳಗಿನದು ಮಾತ್ರ ಕಾಣುತ್ತದೆ. ವರ್ಷಗಟ್ಟಲೆ ಹೀಗೆ ದುಡಿದ ಹೆಂಗಸರು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಕಾಲಿನಿಂದ. ಪೇಟೆಯಲ್ಲಿ ಎದುರಾದಾಗ ಮುಖ ನೋಡಿ ಗಲಿಬಿಲಿಗೊಂಡು, ಕಣ್ಣು ಕೆಳಗಿಳಿಸಿ, "ಓ, ನೀನಾ!" ಎಂದು ತಬ್ಬಿಕೊಂಡವರಿದ್ದಾರೆ.

ಅಡ್ಡಹೆಸರುಗಳೂ ಕಾಲಿನಿಂದಲೇ ಹುಟ್ಟಿದವು. ಪಕ್ಕದ ಟೇಬಲಿನವಳು ಬಾತುಕೋಳಿ: ಹೆಜ್ಜೆಗೊಂದು ಸಲ ಸೊಂಟ ಆ ಕಡೆ ಈ ಕಡೆ. ನಮ್ಮವಳು ಮಾತ್ರ ಸ್ಟೀಮಕ್ಕ, ಏಕೆಂದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಯ್ಲರು ಹಚ್ಚುವವಳು ಅವಳು. ಅವಳ ಕಾಲಿಗೂ ಒಂದು ಗುರುತಿತ್ತು. ಎಡಗಾಲಿನ ಹೆಬ್ಬೆರಳು ನೆಲ ಬಿಟ್ಟು ಏಳಲು ತುಸು ಸತಾಯಿಸುತ್ತಿತ್ತು. ಸರಕ್, ಟಪ್. ಸರಕ್, ಟಪ್.

"ಬಂದ್ಳಪ್ಪ, ಇನ್ನು ನೆಲ ಗುಡಿಸೋಕೆ ಬೇರೆ ಆಳು ಬೇಡ" ಎಂದು ಬಾತುಕೋಳಿ ಕೋಟುಗಳ ಆಚೆಯಿಂದ ಕೂಗುತ್ತಿದ್ದಳು.

"ನಿನ್ನ ಸೊಂಟಕ್ಕೆ ಎರಡು ಬಕೆಟ್ಟು ಕಟ್ಟಿದ್ರೆ ಒರೆಸೋದೂ ಆಗುತ್ತೆ, ಬಾ" ಎಂದು ಸ್ಟೀಮಕ್ಕ ತಿರುಗಿಸುತ್ತಿದ್ದಳು.

ಎಲ್ಲರೂ ನಗುತ್ತಿದ್ದರು. ಅದು ಕಾಯಿಲೆಯ ಸದ್ದು ಎಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಸೇರಿ. ದಿನವಿಡೀ ನಿಂತವರ ಕಾಲು ಏನಾದರೊಂದು ಸದ್ದು ಮಾಡಿಯೇ ಮಾಡುತ್ತದೆ.

ಒಂದು ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಂದಷ್ಟು ಜನ ಬಂದರು. ಅವರ ಕಂಪನಿ ಫೋನಿಗೆ ಒಂದು ಆ್ಯಪ್ ಮಾಡುತ್ತಿತ್ತು. ನರದ ಕಾಯಿಲೆಯವರಿಗೆ ಎಷ್ಟು ಅಂಗವೈಕಲ್ಯ ಬಂದಿದೆ ಎಂದು ಅವರ ನಡಿಗೆ ನೋಡಿ ಹೇಳುವ ಆ್ಯಪ್. ಕಾಯಿಲೆಯವರ ನಡಿಗೆ ಆಸ್ಪತ್ರೆಗಳಲ್ಲಿ ಸಿಕ್ಕಿತ್ತು. ಪಕ್ಕದಲ್ಲಿಟ್ಟು ತೋರಿಸಲು ಆರೋಗ್ಯವಂತರ ನಡಿಗೆ ಬೇಕಿತ್ತು. ಎರಡನ್ನೂ ನೋಡಿ ನೋಡಿ ಯಂತ್ರ ತಾನೇ ವ್ಯತ್ಯಾಸ ಕಲಿಯುತ್ತದಂತೆ.

"ಆರೋಗ್ಯವಂತರು ಬೇಕಾ?" ಮ್ಯಾನೇಜರ್ ಎದೆ ಉಬ್ಬಿಸಿದ. "ನಮ್ಮಲ್ಲಿ ಎಲ್ಲರೂ ಆರೋಗ್ಯವಂತರೇ. ಕಾಯಿಲೆ ಇರೋರು ಕೆಲಸಕ್ಕೆ ಬರಲ್ಲ. ಕೆಲಸಕ್ಕೆ ಬರದೇ ಇರೋರು ನಮ್ಮಲ್ಲಿ ಇರಲ್ಲ."

ಅಷ್ಟಕ್ಕೇ ವೈದ್ಯಕೀಯ ಪರೀಕ್ಷೆ ಮುಗಿಯಿತು. ಇಸ್ತ್ರಿ ಹಾಲು ಗೇಟಿಗೆ ಹತ್ತಿರವಿದ್ದದ್ದರಿಂದ ಅವರನ್ನೇ ಸಾಲಾಗಿ ನಿಲ್ಲಿಸಿದರು. ಫೋನು ಸೊಂಟಕ್ಕೆ ಕಟ್ಟಲು ಪಟ್ಟಿ ಸಾಲದೆ ಬಂದು, ಮ್ಯಾನೇಜರ್ ಉಗ್ರಾಣದಿಂದ ಚಡ್ಡಿಯ ಎಲಾಸ್ಟಿಕ್ ತರಿಸಿದ. ಬೆಳಗಿನಿಂದ ನಿಂತು ಪಾದ ಊದಿ ಚಪ್ಪಲಿಗೆ ಹಿಡಿಸದ ಹೆಂಗಸರು, ಹೊಟ್ಟೆಯ ಮೇಲೆ ಫೋನು, ಅದರ ಮೇಲೆ ಚಡ್ಡಿಯ ಎಲಾಸ್ಟಿಕ್ ಬಿಗಿದುಕೊಂಡು, ಗೇಟಿನಿಂದ ಗೋದಾಮಿಗೆ ಹೋಗಿ ಬಂದರು. ಯಾರಿಗೂ ಮಂಡಿ ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಬಸ್ಸು ತಪ್ಪುತ್ತದೆಂದು ಬಾತುಕೋಳಿ ಬೈಯುತ್ತಲೇ ನಡೆದಳು. ಸ್ಟೀಮಕ್ಕ ಸರಕ್, ಟಪ್ ಎನ್ನುತ್ತ ನಡೆದಳು. ಕಂಪನಿಯವರು ಬಹಳ ಸಂತೋಷಪಟ್ಟರು. ಅರ್ಧ ದಿನದ ಕೂಲಿ ಸಂಬಳದ ಜೊತೆ ಬರುತ್ತದೆ ಅಂದರು.

ಕೂಲಿ ಬರಲಿಲ್ಲ. ಬಂದದ್ದು ಕಾಯಿಲೆ.

ಮೊದಲು ಒಂದು ಕಣ್ಣಿಗೆ ಮಂಜು ಕವಿಯಿತು. ಬಾಯ್ಲರಿನ ಆವಿ ಎಂದು ಒರೆಸಿಕೊಂಡಳು. ಆವಿ ಮನೆಗೂ ಬಂತು. ಆಮೇಲೆ ಎಡಗಾಲು ಇದ್ದೂ ಇಲ್ಲದಂತಾಯಿತು. ಕೊನೆಗೊಂದು ದಿನ ಕೋಟುಗಳ ಕೆಳಗಿನ ಕಾಲುಗಳ ಸಾಲಿನಲ್ಲಿ ಅವಳ ಕಾಲು ಮಾತ್ರ ಅಡ್ಡ ಮಲಗಿದ್ದು ಕಂಡು ಬಾತುಕೋಳಿ ಕಿರುಚಿಕೊಂಡಳು.

ನರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದದ್ದು ಅತ್ತೆ. ಸ್ಟೀಮಕ್ಕನ ಗಂಡ ಎಂದೋ ಮನೆ ಬಿಟ್ಟು ಓಡಿಹೋಗಿದ್ದ. ಅವನ ತಾಯಿ ಓಡಿಹೋಗಲಿಲ್ಲ. "ಮಗನ್ನ ಹೆತ್ತಿದ್ದು ನಂದೇ ತಪ್ಪು, ಸೊಸೆ ನೀನಾಗಿ ಬಂದಿದ್ದು. ಬಂದೋಳ ಜೊತೆ ಇರ್ತೀನಿ" ಎಂದು ಉಳಿದುಬಿಟ್ಟ ಹೆಂಗಸು.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದಳು. "ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರೆ. ನರದ ಮೇಲೊಂದು ಹೊದಿಕೆ ಇರುತ್ತೆ. ನಿಮ್ಮ ದೇಹನೇ ಅದನ್ನ ತಿಂದು ಹಾಕ್ತಿದೆ."

"ಅಂದ್ರೆ ಇವಳ ಮೈಯೇ ಇವಳ ಮೇಲೆ ಮುಷ್ಕರ ಹೂಡಿದೆ ಅನ್ನಿ" ಅಂದಳು ಅತ್ತೆ.

"ಮುಷ್ಕರ ಅಲ್ಲ ಅತ್ತೆ. ಲಾಕೌಟು" ಅಂದಳು ಸ್ಟೀಮಕ್ಕ.

"ಮುಖ್ಯವಾಗಿ ಬಿಸಿ ತಾಗಬಾರದು" ಎಂದಳು ಡಾಕ್ಟರಮ್ಮ. "ಮೈ ಬಿಸಿಯಾದಷ್ಟೂ ಕಣ್ಣು, ಕಾಲು ಎರಡೂ ಕೈಕೊಡ್ತವೆ. ನೀವೇನು ಕೆಲಸ ಮಾಡ್ತೀರಿ?"

ಸ್ಟೀಮಕ್ಕ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

ಕಾರ್ಖಾನೆಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ. ಕೂತುಕೊಂಡು ಅಂಗಿಗಳಿಗೆ ಬೆಲೆಚೀಟಿ ಕಟ್ಟುವ ಕೆಲಸ. ಆ ಕುರ್ಚಿ ಸಿಕ್ಕರೆ ಬದುಕಿಕೊಂಡಳು. ಸಿಗದಿದ್ದರೆ ಮತ್ತೆ ಆವಿಯ ಬಾಯಿಗೆ. ಕೊಡುವುದಕ್ಕೆ ಮ್ಯಾನೇಜರನದು ಅಡ್ಡಿಯಿಲ್ಲ, ಅಂಗವೈಕಲ್ಯದ ಪತ್ರ ತಂದರಾಯಿತು. ಪತ್ರ ಕೊಡುವುದು ಅಳತೆ ಕೋಣೆಯಲ್ಲಿ.

"ನೀವೇ ಬರೆದುಕೊಡಿ ಡಾಕ್ಟರಮ್ಮ" ಎಂದು ಅತ್ತೆ ಕೇಳಿದ್ದಳು.

"ನಾನು ಬರೆದ್ರೆ ಅದು ಅಭಿಪ್ರಾಯ ಅಜ್ಜಿ. ಈಗ ಸರ್ಕಾರಕ್ಕೆ ಫೋನಿನ ಆ್ಯಪ್ ಹೇಳಿದ್ರೆ ಮಾತ್ರ ಅಳತೆ."

ಅಳತೆ ಕೋಣೆ ಸರ್ಕಾರಿ ಕಟ್ಟಡವೊಂದರ ತಳದಲ್ಲಿತ್ತು. ಹೊರಗಿನ ಉದ್ದ ಜಗಲಿಯಲ್ಲಿ ಕುಡಿಯುವ ನೀರಿನ ಡ್ರಮ್ಮು, ಕೆಟ್ಟುಹೋದ ಜೆರಾಕ್ಸ್ ಯಂತ್ರ. ಒಳಗೆ ಅಳತೆ ಸಾಹೇಬ. ಬೆಳಿಗ್ಗೆ ಈಜಿ, ಮಧ್ಯಾಹ್ನ ನಿದ್ದೆ ಮಾಡಿ, ಮೆತ್ತನೆ ಬೂಟು ಹಾಕಿಕೊಂಡು ಚೆಂಡಿನ ಹಾಗೆ ಪುಟಿಯುತ್ತ ಓಡಾಡುವ ಮನುಷ್ಯ. ಕೆಟ್ಟವನಲ್ಲ. ಬಂದವರಿಗೆ ನೀರು ಕೊಡುತ್ತಿದ್ದ. ಸ್ಟೀಮಕ್ಕನ ಒಡೆದ ಗಾಜಿನ ಫೋನಿಗೆ ಆ್ಯಪ್ ಹಾಕಿಕೊಟ್ಟ.

ಫೋನಿನೊಳಗಿನಿಂದ ಒಬ್ಬ ಹೆಂಗಸು ಸಕ್ಕರೆಯಂಥ ದನಿಯಲ್ಲಿ ಮಾತಾಡಿದಳು. ಪರದೆಯ ಮೇಲೆ ತೇಲುವ ಗುಳ್ಳೆ ಒಡೆಯಿರಿ ಅಂದಳು. ಸ್ಟೀಮಕ್ಕನ ಎಡಗೈ ನಡುಗಿ, ಇಲ್ಲದ ಗುಳ್ಳೆಗಳನ್ನೆಲ್ಲ ಒಡೆಯಿತು. ಸುರುಳಿ ಬರೆಯಿರಿ ಅಂದಳು. ಬರೆದದ್ದು ಹರಿದ ಲಾಡಿಯ ಹಾಗಿತ್ತು. ಮರದಂತೆ ಅಲುಗಾಡದೆ ನಿಲ್ಲಿ ಅಂದಳು.

"ಯಾವ ಮರ? ಗಾಳಿ ಬೀಸಿದ್ದಾ, ಬೀಸದೇ ಇದ್ದದ್ದಾ?" ಸ್ಟೀಮಕ್ಕ ತೂರಾಡುತ್ತ ಕೇಳಿದಳು.

"ಅದೆಲ್ಲ ಸ್ವಲ್ಪ ಸ್ವಲ್ಪ ಅಂಕ ಅಷ್ಟೇ" ಅಂದ ಸಾಹೇಬ. "ಮುಖ್ಯ ನಡಿಗೆ. ಜಗಲಿ ಉದ್ದಕ್ಕೂ ಒಂದು ಸಲ ಹೋಗಿಬನ್ನಿ."

ಫೋನು ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಸರಕ್, ಟಪ್. ಗೋಡೆ ಹಿಡಿದು ಹೋದಳು, ಗೋಡೆ ಮುಗಿದಲ್ಲಿ ಜೆರಾಕ್ಸ್ ಯಂತ್ರ ಹಿಡಿದಳು, ಹೆಬ್ಬೆರಳು ಸಿಕ್ಕಿಕೊಂಡು ನೀರಿನ ಡ್ರಮ್ಮನ್ನು ಅಪ್ಪಿಕೊಂಡು ಕೂತಳು. ನಲ್ಲಿ ಕಿತ್ತುಬಂತು. ನೀರೊಳಗೆ ಕೂತವಳ ಹೊಟ್ಟೆಯಿಂದ ಸಕ್ಕರೆಯ ದನಿ ಬಂತು: "ಬಹಳ ಚೆನ್ನಾಗಿ ನಡೆದಿರಿ! ನಿಮ್ಮ ನಡಿಗೆ ಆರೋಗ್ಯವಂತರ ನಡಿಗೆಗೆ ಹೊಂದುತ್ತದೆ." ಪರದೆಯ ಮೇಲೆ ಹಸಿರು ಮುಖವೊಂದು ನಕ್ಕಿತು.

"ಸಂತೋಷಪಡಿ" ಅಂದ ಸಾಹೇಬ, ಅವಳನ್ನು ಎತ್ತುತ್ತ.

"ನಿನ್ನ ಸಂತೋಷಕ್ಕಿಷ್ಟು!" ಅಂದಳು ಅತ್ತೆ. "ಕಣ್ಣಿಲ್ವೇನಪ್ಪ ನಿನಗೆ? ಬಿದ್ದಿದಾಳೆ."

"ನಾನು ನೋಡಿದ್ದು ಲೆಕ್ಕಕ್ಕಿಲ್ಲ ಅಜ್ಜಿ, ಅದು ನೋಡಿದ್ದೇ ಲೆಕ್ಕ. ಇನ್ನೆರಡು ವಾರ ಮನೇಲಿ ದಿನಾ ನಡೀಲಿ. ಆಮೇಲೆ ಕೊನೆ ತೀರ್ಮಾನ."

ಮನೆಯಲ್ಲೂ ಅದೇ ಪಾಡು. ಕಾಲು ಎಷ್ಟು ಕೆಟ್ಟದಾಗಿ ಎಳೆದರೆ ಹಸಿರು ಮುಖ ಅಷ್ಟು ಅಗಲವಾಗಿ ನಗುತ್ತಿತ್ತು. ಒಂದು ಬೆಳಿಗ್ಗೆ ಸ್ಟೀಮಕ್ಕನಿಗೆ ಏಳಲಿಕ್ಕೇ ಆಗಲಿಲ್ಲ. ಮೈಯೆಲ್ಲ ಒದ್ದೆ ಗೋಣಿಯ ಹಾಗೆ. ಫೋನು ಮಾತ್ರ ಬಿಡಲಿಲ್ಲ: "ನಡೆಯುವ ಸಮಯವಾಯಿತು. ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿದೆ."

"ಅವಳ ಆರೋಗ್ಯ ಅವಳ ಕೈಲಿದ್ದಿದ್ರೆ ನಿನ್ನ ಯಾಕೆ ಸೊಂಟಕ್ಕೆ ಕಟ್ಕೋತಿದ್ಳೇ?" ಅತ್ತೆ ಫೋನಿಗೆ ಗದರಿದಳು. ಅದು ಮತ್ತೆ ಮತ್ತೆ ಅದನ್ನೇ ಒದರಿತು. ಅತ್ತೆಗೆ ರೇಗಿತು. ಪಟ್ಟಿ ಬಿಗಿದುಕೊಂಡು ತಾನೇ ಬೀದಿಗಿಳಿದಳು.

ಅತ್ತೆಯ ನಡಿಗೆ ನೋಡಬೇಕಾದದ್ದೇ. ಜನ್ಮದಲ್ಲಿ ಯಾರ ಗಂಟೆಗೂ ಓಡಿದವಳಲ್ಲ. ಉಂಡ ಮೇಲೆ ಮಲಗದೆ ಬಿಟ್ಟವಳಲ್ಲ. ಬೆನ್ನು ನೆಟ್ಟಗೆ, ಕಾಲೆತ್ತಿ ಕಾಲಿಟ್ಟು, ಬೀದಿಯೆಲ್ಲ ತನ್ನದೇ, ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ ಎನ್ನುವ ಹಾಗೆ ಹೋಗಿಬಂದಳು. ಫೋನು ಕೆಂಪಾಯಿತು. ಸಕ್ಕರೆಯ ದನಿ ನಡುಗಿತು: "ನಿಮ್ಮ ನಡಿಗೆಯಲ್ಲಿ ತೀವ್ರ ಏರುಪೇರು ಕಂಡುಬಂದಿದೆ. ದಯವಿಟ್ಟು ಕುಳಿತುಕೊಳ್ಳಿ."

"ನೀನೇ ಕೂತ್ಕೊಳ್ಳೇ, ಬಜಾರಿ!" ಅಂದಳು ಅತ್ತೆ.

ಸಂಜೆ ನೋಡಲು ಬಂದ ಬಾತುಕೋಳಿಗೆ ವಿಷಯ ಹೇಳಿದಾಗ ಅವಳ ಕಣ್ಣು ಮಿಂಚಿತು. "ಅಯ್ಯೋ ಪೆದ್ದುಗಳಾ, ಇನ್ನೇನು ನೋಡ್ತೀರಿ? ದಿನಾ ಅತ್ತೆನೇ ನಡೀಲಿ. ಕೆಂಪು ಬಂದ್ರೆ ಪತ್ರ, ಪತ್ರ ಬಂದ್ರೆ ಕುರ್ಚಿ."

"ಸುಳ್ಳಾಗಲ್ವೇನೇ ಅದು?"

"ನಿನ್ನ ಕಾಯಿಲೆ ನಿಜ. ಕುರ್ಚಿ ಬೇಕಾಗಿರೋದೂ ನಿಜ. ನಡುವೆ ಕಾಲು ಮಾತ್ರ ಬೇರೆಯವರದು. ಅಷ್ಟಕ್ಕೆ ಸುಳ್ಳು ಅಂತಾರಾ?"

ಸ್ಟೀಮಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಬೇಡ ಅನ್ನಲಿಲ್ಲ. ಉಳಿದ ದಿನವೆಲ್ಲ ಅತ್ತೆ ನಡೆದಳು. ಸೊಸೆಗಾಗಿ ಎಂದು ಇನ್ನಷ್ಟು ಉತ್ಸಾಹದಿಂದ ನಡೆದಳು. ಫೋನು ಇನ್ನಷ್ಟು ಕೆಂಪಾಯಿತು. ಕೊನೆಗೊಂದು ದಿನ, ತುರ್ತು ವಾಹನ ಕರೆಯಲೇ ಎಂದು ಕೇಳಿತು.

ಎರಡು ವಾರ ಕಳೆದು ಮೂವರೂ ಅಳತೆ ಕೋಣೆಗೆ ಹೋದರು. ಸಾಹೇಬ ಫೋನು ನೋಡಿ ಹೌಹಾರಿದ. "ಛೆ ಛೆ, ಇಷ್ಟು ಬೇಗ ಇಷ್ಟು ಕೆಟ್ಟುಹೋಯ್ತಾ?" ಎಂದು ಪತ್ರವನ್ನು ಎಳೆದುಕೊಂಡು ಮೊಹರು ಕೈಗೆತ್ತಿಕೊಂಡ. ಆಗ ಅವನಿಗೆ ನಿಯಮ ನೆನಪಾಯಿತು. "ನನ್ನೆದುರಿಗೆ ಒಂದು ಸಲ ನಡೆದುಬಿಡಿ. ಬರೀ ಶಾಸ್ತ್ರಕ್ಕೆ."

ಸ್ಟೀಮಕ್ಕ ನಡೆದಳು. ಅವತ್ತು ಸೆಖೆ ಬೇರೆ. ಹಿಂದೆಂದೂ ಅಷ್ಟು ಕೆಟ್ಟದಾಗಿ ನಡೆದಿರಲಿಲ್ಲ. ಅರ್ಧ ಜಗಲಿಗೆ ಕಾಲು ಮಡಚಿತು. ಉಳಿದರ್ಧ ಬಾತುಕೋಳಿಯ ಹೆಗಲ ಮೇಲೆ. ಫೋನಿನೊಳಗಿಂದ ಚಪ್ಪಾಳೆಯ ಸದ್ದು ಬಂತು. "ಅಭಿನಂದನೆಗಳು! ನೀವು ಸಂಪೂರ್ಣ ಚೇತರಿಸಿಕೊಂಡಿದ್ದೀರಿ!"

ಸಾಹೇಬ ಮೊಹರು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ಕೋಣೆಯಲ್ಲಿ ಒಬ್ಬರು ವಾಸಿಯಾದದ್ದು ಇದೇ ಮೊದಲು" ಅಂದ.

ಅತ್ತೆಗೆ ತಡೆಯಲಾಗಲಿಲ್ಲ. "ವಾಸಿನೂ ಇಲ್ಲ, ಗೀಸಿನೂ ಇಲ್ಲ. ಮನೇಲಿ ನಡೆದವಳು ನಾನು! ಗುಂಡುಕಲ್ಲಿನ ಹಾಗಿರೋ ನನ್ನನ್ನ ಕೂತ್ಕೋ ಅನ್ನುತ್ತೆ, ಬಿದ್ದವಳಿಗೆ ಶಹಬ್ಬಾಸ್ ಅನ್ನುತ್ತೆ. ನಿನ್ನ ಯಂತ್ರಕ್ಕೆ ಮೊದಲು ಡಾಕ್ಟರನ್ನ ಕರೆಸು."

"ಯಂತ್ರ ಸುಮ್ಮನೆ ಹೇಳಲ್ಲಮ್ಮ" ಎಂದು ಸಾಹೇಬ ತಾಳ್ಮೆಯಿಂದ ದೊಡ್ಡ ಪರದೆ ಹಚ್ಚಿದ. "ಆರೋಗ್ಯವಂತರ ನಡಿಗೆ ನೋಡಿ ನೋಡಿ ಕಲಿತಿದೆ. ನೋಡಿ, ಇವರೇ ಆ ಆರೋಗ್ಯವಂತರು."

ಪರದೆಯ ಮೇಲೆ ಗೆರೆಯಲ್ಲಿ ಬರೆದ ಕಾಲುಗಳು ಸಾಲಾಗಿ ನಡೆಯತೊಡಗಿದವು. ಫೋನು ಕಟ್ಟಿದ್ದು ಸೊಂಟಕ್ಕೆ. ಅದಕ್ಕೇ ಸೊಂಟದಿಂದ ಕೆಳಗೆ ಮಾತ್ರ. ಮುಖವಿಲ್ಲ, ಹೆಸರಿಲ್ಲ. ಬೇರೆ ಯಾರಿಗಾದರೂ ಅದು ಗೆರೆಗಳ ಜಾತ್ರೆಯಷ್ಟೇ. ಆದರೆ ಇಸ್ತ್ರಿ ಹಾಲಿನ ಈ ಇಬ್ಬರು ಹೆಂಗಸರು ಹೊಟ್ಟೆಪಾಡಿನುದ್ದಕ್ಕೂ ನೋಡಿದ್ದು ಇದನ್ನೇ.

ಬಾತುಕೋಳಿ ಕುರ್ಚಿಯಿಂದ ಎದ್ದಳು. "ಏಯ್, ಅದು ನಾನು!"

"ಯಾವುದು?"

"ಅಗೋ, ಮೂರನೇದು! ಸೊಂಟ ನೋಡಿ ಸಾರ್, ಈ ಸೊಂಟ ಇನ್ಯಾರಿಗಿದೆ? ಅದರ ಹಿಂದೆ ಕೋಟಿಗೆ ಇಸ್ತ್ರಿ ಹಾಕೋಳು. ಅವಳ ಮಂಡಿ ಹಂಗೇ, ಮಡಿಸಲ್ಲ. ಅದರ ಹಿಂದೆ..."

ಅದರ ಹಿಂದಿನ ಕಾಲುಗಳನ್ನು ಸ್ಟೀಮಕ್ಕ ಆಗಲೇ ನೋಡುತ್ತಿದ್ದಳು. ಎಡಗಾಲಿನ ತುದಿ ನೆಲ ಬಿಡಲು ಸತಾಯಿಸುತ್ತಿತ್ತು. ಪರದೆಗೆ ಸದ್ದಿರಲಿಲ್ಲ. ಅವಳಿಗೆ ಕೇಳಿಸಿತು.

"ಅದು ನಾನು" ಅಂದಳು. ಬಾತುಕೋಳಿಯ ಕಡೆ ತಿರುಗಿ, "ಆಗಲೇ ಬಂದಿತ್ತಾ ಇದು? ನೀವೆಲ್ಲ ನಗ್ತಿದ್ರಲ್ಲೇ" ಅಂದಳು.

"ನೀನೂ ನಗ್ತಿದ್ದೆ ಕಣೇ" ಅಂದಳು ಬಾತುಕೋಳಿ.

ವಿಷಯ ಇಷ್ಟೇ. ದಿನವೆಲ್ಲ ನಿಂತು ಕಾಲು ಸತ್ತವರ ನಡಿಗೆಯನ್ನು ಕೊಂಡುಹೋಗಿ, ಅಲ್ಲ, ಕೊಳ್ಳದೆ ಹೊತ್ತುಕೊಂಡುಹೋಗಿ, ಇದೇ ಆರೋಗ್ಯ ಎಂದು ಯಂತ್ರಕ್ಕೆ ಕಲಿಸಿದ್ದರು. ಅದರೊಳಗೆ ಸ್ಟೀಮಕ್ಕನ ಕಾಯಿಲೆಯೂ ಆರೋಗ್ಯವಾಗಿ ಸೇರಿಹೋಗಿತ್ತು. ಈಗ ಯಂತ್ರ ಅವಳನ್ನು ಅವಳ ಪಕ್ಕದಲ್ಲೇ ನಿಲ್ಲಿಸಿ ಅಳೆಯುತ್ತಿತ್ತು.

ಇದನ್ನೆಲ್ಲ ಬಾತುಕೋಳಿ ಕೈ ಬೀಸಿ ಬೀಸಿ ಹೇಳಿದಳು. ಸಾಹೇಬ ಗಮನವಿಟ್ಟು ಕೇಳಿದ. ಅವನ ಮುಖ ಅರಳಿತು.

"ಅದಕ್ಕೇ ಇಷ್ಟು ಚೆನ್ನಾಗಿ ಹೊಂದುತ್ತಿದೆ! ನೋಡಿ ಯಂತ್ರ ಎಷ್ಟು ಸೂಕ್ಷ್ಮ ಅಂತ. ಅಷ್ಟು ಜನರಲ್ಲಿ ನಿಮ್ಮನ್ನೇ ಹುಡುಕಿ ತೆಗೆದಿದೆ."

ಅತ್ತೆ ಸೊಸೆಯ ಸೊಂಟದಿಂದ ಫೋನು ಬಿಚ್ಚಿ ಸಾಹೇಬನ ಸೊಂಟಕ್ಕೆ ಬಿಗಿದಳು. "ನಡಿಯಪ್ಪ ನೀನೊಂದು ಸಲ. ಬರೀ ಶಾಸ್ತ್ರಕ್ಕೆ."

ಅವನು ನಗುತ್ತಲೇ ಹೋದ, ಪುಟಿಯುತ್ತ, ಮೆತ್ತನೆ ಬೂಟಿನಲ್ಲಿ. ವಾಪಸು ಬರುವುದರೊಳಗೆ ಹೊಟ್ಟೆಯ ಮೇಲೆ ಕೆಂಪು ದೀಪ. "ತೀವ್ರ ಏರುಪೇರು. ದಯವಿಟ್ಟು ಕುಳಿತುಕೊಳ್ಳಿ."

ಅವನು ಕುಳಿತ. ಮುಖ ಬಿಳಿಚಿಕೊಂಡಿತು. ಬಾತುಕೋಳಿ ನೀರು ತಂದುಕೊಟ್ಟಳು, ಅತ್ತೆ ಫೈಲಿನಿಂದ ಗಾಳಿ ಹಾಕಿದಳು. "ನಿನಗೇನೂ ಆಗಿಲ್ಲ ಮಗಾ, ಅದು ಸುಳ್ಳು ಹೇಳ್ತಿದೆ ಅಂತಲೇ ತೋರಿಸಿದ್ದು."

"ಅದು ಸುಳ್ಳು ಹೇಳಲ್ಲ ಅಜ್ಜಿ" ಅಂದ ಅವನು, ತನ್ನ ತೊಡೆ ಮುಟ್ಟಿ ನೋಡಿಕೊಳ್ಳುತ್ತ. "ಬೆಳಿಗ್ಗೆಯಿಂದ ಏನೋ ಒಂಥರಾ ಅನಿಸ್ತಾನೇ ಇತ್ತು."

ಮಾರನೆಯ ವಾರ ಅವನು ಕೋಲು ಹಿಡಿದು ಬಂದ. ಅದರ ಮುಂದಿನ ವಾರ ಅವನಿಗೆ ಅಂಗವೈಕಲ್ಯದ ಪತ್ರ ಸಿಕ್ಕಿತು. ಕುರ್ಚಿ ಮೊದಲೇ ಇತ್ತು.

ಆದರೂ ಮನುಷ್ಯ ಒಳ್ಳೆಯವನೇ, ಕಂಪನಿಗೆ ದೂರು ಬರೆದ. ಉತ್ತರವೂ ಬಂತು. ಯಂತ್ರಕ್ಕೆ ಮತ್ತೆ ಕಲಿಸಬಹುದು, ಆಮೇಲೆ ಈಕೆಯನ್ನು ಮತ್ತೆ ಅಳೆಯಬಹುದು. ಅದಕ್ಕೆ ಹೊಸದಾಗಿ ಆರೋಗ್ಯವಂತರ ನಡಿಗೆ ಬೇಕು: ದುಡಿಯುವ ವಯಸ್ಸಿನವರು, ದಿನವಿಡೀ ನಿಂತಿರಬಾರದು, ಕಣ್ತುಂಬ ನಿದ್ದೆಯಾಗಿರಬೇಕು, ಎಲ್ಲೂ ನೋವಿರಬಾರದು. ಅಲ್ಲಿಯವರೆಗೆ ಹಸಿರೇ ಖಾಯಂ.

ಬಾತುಕೋಳಿ ಊರೆಲ್ಲ ತಿರುಗಿದಳು. ಬಸ್ಸು ಓಡಿಸುವವನಿಗೆ ಸೊಂಟ ಹಿಡಿದಿತ್ತು. ಶಾಲೆಯ ಮೇಡಮ್ಮಿಗೆ ಕಾಲಿನ ನರ ಉಬ್ಬಿದ್ದವು. ಮೂಟೆ ಹೊರುವವರನ್ನು ಕೇಳುವ ಹಾಗೇ ಇರಲಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂತವನು ಎದ್ದು ನಡೆಯುವುದನ್ನೇ ಮರೆತಿದ್ದ. ಆಸ್ಪತ್ರೆಯ ನರ್ಸಮ್ಮ "ನಿದ್ದೆನಾ?" ಎಂದು ನಕ್ಕು ಓಡಿದಳು. ಅತ್ತೆ ತಯಾರಿದ್ದಳು, ಆದರೆ ವಯಸ್ಸು ಮೀರಿತ್ತು. ಮ್ಯಾನೇಜರನ ನಡಿಗೆ ತಕ್ಕಮಟ್ಟಿಗಿತ್ತು. "ನಂಗೆಲ್ಲಿ ಪುರುಸೊತ್ತು? ನಮ್ಮವರೆಲ್ಲ ಆರೋಗ್ಯವಂತರೇ ಅಂತ ಆಗಲೇ ಕೊಟ್ಟಾಗಿದೆಯಲ್ಲ" ಅಂದ.

ಸ್ಟೀಮಕ್ಕ ಈಗಲೂ ಆವಿಯ ಮುಂದೆಯೇ ಇದ್ದಾಳೆ. ಟೇಬಲಿನ ಅಂಚಿಗೆ ಸೊಂಟ ಆನಿಸಿ, ಮಂಜು ಕವಿದ ಕಣ್ಣಿಗೆ ಕಾಣದ ಮಡಿಕೆಯನ್ನು ಕೈಯಿಂದ ತಡವಿ, ಕಾಲರು ತಿದ್ದುತ್ತಾಳೆ. ಬಿದ್ದಾಗ ಬಾತುಕೋಳಿ ಎತ್ತುತ್ತಾಳೆ. ಕಿಟಕಿಯ ಪಕ್ಕದ ಕುರ್ಚಿ ಫ್ಯಾನಿನ ಗಾಳಿ ತಿನ್ನುತ್ತ ಖಾಲಿ ಕೂತಿದೆ.

ಇಷ್ಟೊತ್ತು ಕೂತು ಓದಿದಿರಲ್ಲ, ನೀವು. ಮೈಮೇಲಿನ ಅಂಗಿಗೆ ಮಡಿಕೆ ಸರಿಯಾಗಿ ಕೂತಿದೆಯಲ್ಲ. ನಿನ್ನೆ ಚೆನ್ನಾಗಿ ನಿದ್ದೆ ಬಂತೆ? ಮಂಡಿ ಮಡಿಸುತ್ತದೆಯೇ? ಎಲ್ಲೂ ನೋವಿಲ್ಲ ತಾನೆ? ಹಾಗಾದರೆ ಏಳಿ. ಬಂದು ಆ ಜಗಲಿಯಲ್ಲಿ ಒಂದು ಸಲ ನಡೆದುಕೊಡಿ, ಆರೋಗ್ಯ ಎಂದರೆ ಏನೆಂದು ಆ ಯಂತ್ರ ಒಮ್ಮೆಯಾದರೂ ನೋಡಲಿ. ನಿಮಗೂ ಆಗದಿದ್ದರೆ, ನಿಮ್ಮ ಕಾಲೂ ಎಳೆಯುತ್ತಿದ್ದರೆ, ಆಗಲೂ ಬನ್ನಿ. ಕಾರ್ಖಾನೆಯ ಗೇಟಿನ ಮುಂದೆ ಇಸ್ತ್ರಿ ಹಾಲಿನ ನಮ್ಮ ಜೊತೆ ಧರಣಿ ಕೂತು ಸ್ಟೀಮಕ್ಕನಿಗೆ ಆ ಕುರ್ಚಿ ಕೇಳಿ.

ಎಲಾಸ್ಟಿಕ್ ನಾವು ತರುತ್ತೇವೆ. ಕೂಲಿ ಅರ್ಧ ದಿನದ್ದು. ಅದು ಬರಬೇಕಿದೆ.